ಬಳಸಿ ಬಿಟ್ಟುಹೋದರು ಎನಿಸಿದಾಗ: ಕೊಡಗಿನ ಹುಡುಗ ಹುಡುಗಿಯರಿಗೆ ಕೆಲವು ಹೆಜ್ಜೆಗಳು

ವರ್ಷಗಟ್ಟಲೆ ಪ್ರೀತಿಸಿ ದೂರವಾದವರಿಗೆ ಸಮಾಧಾನ ಹೇಳಲು ನಾಲ್ಕು ಜನ ಬರುತ್ತಾರೆ. ಎರಡು ಮೂರು ತಿಂಗಳ ಪ್ರೀತಿ ಮುರಿದರೆ ಯಾರೂ ಬರುವುದಿಲ್ಲ. 'ಅಷ್ಟಕ್ಕೇ ಇಷ್ಟು ಅಳುವುದೇ?' ಎಂದು ಕೇಳಿ ಎದ್ದುಹೋಗುತ್ತಾರೆ. ಆದರೆ ಆ ಎರಡು ತಿಂಗಳಲ್ಲಿ ದಿನಕ್ಕೆ ಹತ್ತು ಸಲ ಮಾತನಾಡಿ, ಮನಸ್ಸನ್ನೂ ಮೈಯನ್ನೂ ಒಪ್ಪಿಸಿ, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಉತ್ತರವೇ ಬಾರದಿದ್ದಾಗ, ಊಟ ಮುಗಿದ ಮೇಲೆ ಎಲೆಯ ಅಂಚಿಗೆ ತಳ್ಳಿದ ಕರಿಬೇವಿನಂತೆ ಆಗುತ್ತದೆ. ಆ ನೋವಿಗೆ ತಿಂಗಳ ಲೆಕ್ಕ ಹಿಡಿಯುವುದು ಅನ್ಯಾಯ.

ಕೊಡಗಿನಲ್ಲಿ ಇಂಥ ಅಲ್ಪಾಯುಷಿ ಸಂಬಂಧಗಳು ಹೆಚ್ಚಾಗಿ ಒಂದು ಕಾಲಕ್ಕೆ ಕಟ್ಟುಬಿದ್ದಿರುತ್ತವೆ. ಮನೆಯಿಂದಲೇ ಕೆಲಸ ಮಾಡಲು ಅನುಮತಿ ಸಿಕ್ಕಿ ಹೋಂಸ್ಟೇಯಲ್ಲಿ ಎರಡು ತಿಂಗಳು ಉಳಿದವರು, ರೆಸಾರ್ಟಿನಲ್ಲಿ ತರಬೇತಿಗೆ ಬಂದವರು, ಮಳೆಗಾಲದ ರಜೆಗೆ ಊರಿಗೆ ಬಂದವರು, ಕಾಫಿ ಕೊಯ್ಲು ಮುಗಿಯುವ ತನಕ ತೋಟದಲ್ಲಿದ್ದವರು. ಕಾಲ ಮುಗಿದಾಗ ಅವರು ಹೊರಡುತ್ತಾರೆ. ಇಲ್ಲೇ ಉಳಿದವರಿಗೆ ಅದೇ ರಸ್ತೆ, ಅದೇ ಬಸ್ ನಿಲ್ದಾಣ, ಅದೇ ಜನ. ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 'ಅವನು ನನ್ನನ್ನು ಬಳಸಿಕೊಂಡ', 'ಅವಳು ನನ್ನನ್ನು ಬಳಸಿಕೊಂಡಳು' ಎಂಬ ಒಂದೇ ಮಾತಿನೊಳಗೆ ಮೈ, ಹಣ, ಮಾತು, ಮಾನ ಎಲ್ಲವೂ ಗಂಟುಬಿದ್ದಿರುತ್ತವೆ. ಗಂಟು ಬಿಡಿಸಿ ಒಂದೊಂದನ್ನೇ ಕೈಗೆತ್ತಿಕೊಂಡರೆ ಪ್ರತಿಯೊಂದಕ್ಕೂ ಮಾಡಬಹುದಾದ ಕೆಲಸವಿದೆ.

ಮೊದಲ ಮೂರು ದಿನ: ಮೈಯ ವಿಚಾರ ಮುಂದೂಡಬೇಡಿ

ಮನಸ್ಸು ಕಾಯಬಹುದು, ಮೈ ಕಾಯುವುದಿಲ್ಲ. ಮುನ್ನೆಚ್ಚರಿಕೆ ಇಲ್ಲದೆ ದೈಹಿಕ ಸಂಪರ್ಕವಾಗಿದ್ದರೆ ಗರ್ಭ ತಡೆಯುವ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು. ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಪರಿಣಾಮಕಾರಿ. ಅದು ವೈದ್ಯರ ಚೀಟಿ ಇಲ್ಲದೆಯೂ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಎಚ್‌ಐವಿ ಸೋಂಕಿನ ಭಯವಿದ್ದರೆ ಅದನ್ನು ತಡೆಯುವ ಔಷಧಿಯನ್ನೂ 72 ಗಂಟೆಯೊಳಗೇ ಆರಂಭಿಸಬೇಕು. ಸರ್ಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರದಲ್ಲಿ ರಕ್ತಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ. ಮೊದಲು ಫೋನಿನಲ್ಲೇ ಕೇಳಿ ತಿಳಿಯಬೇಕೆಂದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ.

ಮುಟ್ಟು ತಪ್ಪಿದ್ದರೆ 'ಟೆನ್ಶನ್‌ನಿಂದ ಇರಬಹುದು' ಎಂದುಕೊಂಡು ವಾರಗಳನ್ನು ಕಳೆಯಬೇಡಿ. ಮನೆಯಲ್ಲೇ ಕಿಟ್‌ನಿಂದ ಪರೀಕ್ಷಿಸಿ ವೈದ್ಯರನ್ನು ಕಾಣಿ. 18 ವರ್ಷ ತುಂಬಿದ ಹೆಣ್ಣಿನ ಗರ್ಭಪಾತಕ್ಕೆ ಕಾನೂನಿನ ಪ್ರಕಾರ ಅವಳೊಬ್ಬಳ ಒಪ್ಪಿಗೆ ಸಾಕು. ತಂದೆಯ ಸಹಿಯಾಗಲಿ, ಆ ಹುಡುಗನ ಸಹಿಯಾಗಲಿ ಬೇಕಿಲ್ಲ. 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಮಾಡಬಹುದು. ಮದುವೆಯಾಗಿಲ್ಲ ಎಂಬ ಕಾರಣಕ್ಕೆ, ಕೆಲವು ಸಂದರ್ಭಗಳಿಗೆ ಇರುವ 20ರಿಂದ 24 ವಾರಗಳ ಅವಕಾಶವನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ವೈದ್ಯರು ಹೆಸರನ್ನು ಹೊರಗೆ ಹೇಳುವಂತಿಲ್ಲ ಎಂಬುದೂ ಅದೇ ಕಾನೂನಿನಲ್ಲಿದೆ.

ಕಾನೂನು ಹಾಗಿದ್ದರೂ ನಿಮ್ಮ ಊರಿನ ಔಷಧಿ ಅಂಗಡಿಯವರು ನಿಮ್ಮ ಅಪ್ಪನ ಸ್ನೇಹಿತರು, ಆಸ್ಪತ್ರೆಯ ನರ್ಸ್ ನಿಮ್ಮ ಚಿಕ್ಕಮ್ಮನ ಜೊತೆ ಓದಿದವರು. ಈ ಸಂಕೋಚಕ್ಕೆ ಸಿಕ್ಕಿ ಎಷ್ಟೋ ಜನ ದಿನ ಕಳೆಯುತ್ತಾರೆ. ದಿನ ಕಳೆಯುವ ಬದಲು ಊರು ದಾಟಿ. ವಿರಾಜಪೇಟೆಯವರು ಮಡಿಕೇರಿಗೆ ಹೋಗಬಹುದು, ಕುಶಾಲನಗರದವರಿಗೆ ಮೈಸೂರಿನ ಬಸ್ಸು ಬೇಕಾದಷ್ಟಿವೆ, ಗೋಣಿಕೊಪ್ಪದವರು ಹುಣಸೂರಿನ ಮೇಲೆ ಮೈಸೂರಿಗೆ ಹೋಗಿ ಸಂಜೆಯೊಳಗೆ ಮರಳಬಹುದು. ನಂಬಿಕಸ್ಥ ಗೆಳತಿಯೊಬ್ಬಳು ಜೊತೆಗಿರಲಿ. ನಿಮಗೆ 18 ತುಂಬಿಲ್ಲದಿದ್ದರೆ ಮಾತ್ರ ವಿಷಯ ಬೇರೆ: ಅದು ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೊ ಕಾನೂನಿನ ವ್ಯಾಪ್ತಿಗೆ ಬರುತ್ತದೆ, ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಹಾಗೆಂದು ಆಸ್ಪತ್ರೆಗೆ ಹೋಗದೆ ಉಳಿಯಬೇಡಿ. ಮನೆಯಲ್ಲಿ ಒಬ್ಬ ದೊಡ್ಡವರಿಗೆ ಹೇಳಿ, ಅವರ ಜೊತೆ ಹೋಗಿ.

ಒಬ್ಬರಿಗೆ ಹೇಳಿ

ಎಲ್ಲರಿಗೂ ಬೇಡ. ಹತ್ತು ಜನರಿಗೆ ಹೇಳಿದರೆ ಅದು ಸಂತೆಯ ಸುದ್ದಿಯಾಗುತ್ತದೆ. ಒಬ್ಬರಿಗೂ ಹೇಳದಿದ್ದರೆ ರಾತ್ರಿ ಎರಡು ಗಂಟೆಗೆ ನಿಮ್ಮ ತಲೆಯೊಳಗೆ ನೀವೊಬ್ಬರೇ ಉಳಿಯುತ್ತೀರಿ. ಅಕ್ಕನೋ, ಸೋದರತ್ತೆಯೋ, ಹಾಸ್ಟೆಲ್ ಗೆಳತಿಯೋ, ಕೇಳಿ ಸುಮ್ಮನಿರಬಲ್ಲ ಒಬ್ಬರನ್ನು ಆರಿಸಿಕೊಳ್ಳಿ. 'ಸಲಹೆ ಬೇಡ, ಸ್ವಲ್ಪ ಹೊತ್ತು ಕೇಳಿಸಿಕೊಂಡರೆ ಸಾಕು' ಎಂದು ಮೊದಲೇ ಹೇಳಿಬಿಡಿ.

ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ 14416ಕ್ಕೆ ಈಗಲೇ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿ ಮಾತನಾಡುತ್ತಾರೆ. ಇದನ್ನು ಓದುತ್ತಿರುವವರು ಆ ನೊಂದವರ ಗೆಳೆಯರೋ ಮನೆಯವರೋ ಆಗಿದ್ದರೆ ಇನ್ನೊಂದು ಮಾತು. ಕೋವಿ ಇರುವ ಮನೆಗಳು ಕೊಡಗಿನಲ್ಲಿ ಬೇರೆಡೆಗಿಂತ ಹೆಚ್ಚು. ತೋಟದ ಔಷಧಿಯಂತೂ ಉಗ್ರಾಣದಲ್ಲಿ ಇದ್ದೇ ಇರುತ್ತದೆ. ಇವೆರಡರ ಬೀಗದ ಕೈ ಕೆಲವು ವಾರ ನಿಮ್ಮ ಬಳಿಯೇ ಇರಲಿ, ಅವರನ್ನು ಒಂಟಿಯಾಗಿ ಬಿಡಬೇಡಿ. 'ಸಾಯುವ ಯೋಚನೆ ಬರುತ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದ್ದರಿಂದಲೇ ಬಾಯಿಬಿಟ್ಟು ಹೇಳಿ ಉಳಿದವರಿದ್ದಾರೆ.

ಕಾಯುವುದಕ್ಕೆ ಒಂದು ಕೊನೆ ಇಡಿ

ಜುಲೈನಲ್ಲಿ ಕರೆಂಟು ಹೋಗಿ ಎರಡು ದಿನ ಬರುವುದಿಲ್ಲ, ಟವರ್ ಸತ್ತಿರುತ್ತದೆ, ಸಿಗ್ನಲ್ ಬೇಕೆಂದರೆ ಕಣದ ಮೂಲೆಗೋ ಗೇಟಿನ ಬಳಿಗೋ ಕೊಡೆ ಹಿಡಿದು ಹೋಗಬೇಕು. ಹೀಗಿರುವ ಊರಿನಲ್ಲಿ ಮೌನಕ್ಕೆ ನೆಪ ಸುಲಭವಾಗಿ ಸಿಗುತ್ತದೆ. 'ನೆಟ್‌ವರ್ಕ್ ಇರಲಿಕ್ಕಿಲ್ಲ' ಎಂದು ಅವರ ಪರವಾಗಿ ನಾವೇ ವಾದಿಸುತ್ತೇವೆ. ಆಮೇಲೆ ಎರಡು ಗೆರೆ ನೀಲಿಯಾಗುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೂ ಒಂದು ಕಾರಣ ಹುಡುಕುತ್ತೇವೆ. ಸುಂಟಿಕೊಪ್ಪದ ಕಡೆಯ ರೆಸಾರ್ಟೊಂದರ ಸ್ವಾಗತ ಕೌಂಟರಿನಲ್ಲಿದ್ದ ಹುಡುಗಿಯೊಬ್ಬಳು, ಎರಡು ತಿಂಗಳು ಅಲ್ಲೇ ಉಳಿದು ಹೋದ ಅತಿಥಿಗಾಗಿ ಇಡೀ ಮಳೆಗಾಲ ಹೀಗೆ ಕಾದಳು. ಅವನು ಮಧ್ಯೆ ಮಧ್ಯೆ 'ಮಿಸ್ ಯೂ' ಎಂದು ಎರಡು ಪದ ಕಳಿಸುತ್ತಿದ್ದ. ಪೂರ್ತಿ ಮೌನವಾಗಿದ್ದರೆ ಅವಳು ಬೇಗ ಬಿಡುತ್ತಿದ್ದಳು. ಯಾವಾಗ ಬರುತ್ತದೆಂದು ಗೊತ್ತಿಲ್ಲದ ಆ ಚೂರು ಸಂದೇಶಗಳೇ ಅವಳನ್ನು ಕಟ್ಟಿಹಾಕಿದ್ದವು.

ಇದರಲ್ಲಿ ದುರ್ಬಲ ಮನಸ್ಸಿನ ಪ್ರಶ್ನೆ ಇಲ್ಲ. ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪ್ರೀತಿಸಿದವರಿಂದ ತಿರಸ್ಕೃತರಾದವರಿಗೆ ಆ ವ್ಯಕ್ತಿಯ ಫೋಟೊ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದ್ದರು. ಮಾದಕ ವಸ್ತುವಿನ ಚಟದಲ್ಲಿ ಚುರುಕಾಗುವ ಭಾಗಗಳೇ ಅಲ್ಲೂ ಚುರುಕಾಗಿದ್ದವು. ಆದ್ದರಿಂದ ರಾತ್ರಿ ಹನ್ನೊಂದಕ್ಕೆ ಅವರ ಪ್ರೊಫೈಲ್ ತೆರೆಯಬೇಕೆನಿಸುವುದನ್ನು ಚಟದ ತವಕದಂತೆಯೇ ನಡೆಸಿಕೊಳ್ಳಿ. ತವಕ ಏರುತ್ತದೆ, ಇಳಿಯುತ್ತದೆ. ಇಳಿಯುವ ತನಕ ಫೋನನ್ನು ಇನ್ನೊಂದು ಕೋಣೆಯಲ್ಲಿಡಿ.

ಕಾಯುವುದನ್ನು ಮುಗಿಸಲು ಒಂದು ಸಂದೇಶ ಕಳಿಸಿ, ಒಂದೇ ಒಂದು. ಅದರಲ್ಲಿ ಬೈಗುಳ ಬೇಡ, ಬೇಡಿಕೊಳ್ಳುವುದೂ ಬೇಡ. 'ನಮ್ಮಿಬ್ಬರ ನಡುವೆ ಇದ್ದದ್ದು ಮುಗಿದಿದೆ ಎಂದಾದರೆ ಹೇಳಿಬಿಡಿ. ಭಾನುವಾರದೊಳಗೆ ಉತ್ತರ ಬಾರದಿದ್ದರೆ ಮುಗಿದಿದೆ ಎಂದೇ ತಿಳಿಯುತ್ತೇನೆ' ಎಂದರೆ ಸಾಕು. ಭಾನುವಾರ ಕಳೆದ ಮೇಲೆ ಅವರನ್ನು ಬ್ಲಾಕ್ ಮಾಡುವುದೋ ಮ್ಯೂಟ್ ಮಾಡುವುದೋ ನಿಮಗೆ ಬಿಟ್ಟದ್ದು. ನನ್ನ ಮಟ್ಟಿಗೆ ಬ್ಲಾಕ್ ಮಾಡುವುದೇ ಒಳ್ಳೆಯದು.

ಆದರೆ ಅದಕ್ಕೆ ಮೊದಲು ಚಾಟ್ ಅಳಿಸಬೇಡಿ. ಹಣದ ವ್ಯವಹಾರ, ಮದುವೆಯ ಮಾತು, ಬೆದರಿಕೆ ಏನೇ ಇದ್ದರೂ ಅದೇ ನಿಮ್ಮ ಸಾಕ್ಷಿ. ವಾಟ್ಸ್‌ಆ್ಯಪ್‌ನಲ್ಲಿ ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಇಮೇಲ್‌ಗೆ ಕಳಿಸಿಟ್ಟುಕೊಂಡರೆ ಕಣ್ಣೆದುರಿಂದ ದೂರವೂ ಆಗುತ್ತದೆ, ಬೇಕಾದಾಗ ಸಿಗುತ್ತದೆ. ಮೊಬೈಲ್ ಲಾಕ್, ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್, ಯುಪಿಐ ಪಿನ್ ಯಾವುದಾದರೂ ಅವರಿಗೆ ಗೊತ್ತಿದ್ದರೆ ಅಂದೇ ಬದಲಿಸಿ.

ಆದದ್ದನ್ನು ಬರೆದು ನೋಡಿ

ಇದೇ ಅತಿ ಕಷ್ಟದ ಹೆಜ್ಜೆ, ಇದರಿಂದಲೇ ಹೆಚ್ಚು ಪ್ರಯೋಜನ. ಒಂದು ಹಾಳೆ ತೆಗೆದುಕೊಂಡು ಅವರು ಬಾಯಿಬಿಟ್ಟು ಹೇಳಿದ್ದು ಯಾವುದು, ಮಾಡಿದ್ದು ಯಾವುದು, ಹೇಳದೆಯೇ ನಾನು ಅಂದುಕೊಂಡದ್ದು ಯಾವುದು ಎಂದು ಬೇರೆ ಬೇರೆ ಬರೆಯಿರಿ. ಸುಂಟಿಕೊಪ್ಪದ ಹುಡುಗಿ ಬರೆದಾಗ ಮೊದಲ ಸಾಲಿನಲ್ಲಿ 'ಡಿಸೆಂಬರಿನಲ್ಲಿ ಮನೆಗೆ ಬಂದು ಮಾತನಾಡುತ್ತೇನೆ ಎಂದ' ಎಂದಿತ್ತು. ಎರಡನೆಯದರಲ್ಲಿ 'ತನ್ನ ಊರಿನ ವಿಳಾಸ ಒಮ್ಮೆಯೂ ಹೇಳಲಿಲ್ಲ, ಅವನ ಗೆಳೆಯರು ಬಂದಾಗ ನನ್ನನ್ನು ಸ್ಟಾಫ್ ಎಂದು ಪರಿಚಯಿಸಿದ' ಎಂದಿತ್ತು. ಈ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಅವಳು 'ನಾನೇನು ತಪ್ಪು ಮಾಡಿದೆ?' ಎಂದು ಕೇಳುವುದನ್ನು ನಿಲ್ಲಿಸಿದಳು.

ಎಲ್ಲರ ಹಾಳೆಯಲ್ಲೂ ಮೋಸವೇ ಕಾಣುತ್ತದೆ ಎಂದು ನಾನು ಹೇಳುವುದಿಲ್ಲ. ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರ ಜೀಪು ಓಡಿಸುವ ಹುಡುಗನೊಬ್ಬ ಕಾಲೇಜು ಹುಡುಗಿಯೊಬ್ಬಳ ಮೇಲೆ ತಿಂಗಳುಗಟ್ಟಲೆ ಕುದಿಯುತ್ತಿದ್ದ. ಬರೆಸಿ ನೋಡಿದರೆ ಅವಳು ಮೊದಲ ವಾರದಲ್ಲೇ 'ಓದು ಮುಗಿದ ಮೇಲೆ ನಾನು ಇಲ್ಲಿರುವುದಿಲ್ಲ' ಎಂದು ಹೇಳಿದ್ದಳು. ಉಳಿದದ್ದೆಲ್ಲ ಅವನ ಆಸೆ. ಆಸೆ ಪಟ್ಟದ್ದು ಅವನ ಅಪರಾಧವಲ್ಲ, ಹೋದದ್ದು ಅವಳ ಅಪರಾಧವೂ ಅಲ್ಲ. ಒಲ್ಲದ ಸಂಬಂಧದಿಂದ ಎದ್ದುಹೋಗುವ ಹಕ್ಕು ಎಲ್ಲರಿಗೂ ಇದೆ. ಸುಳ್ಳು ಹೇಳಿ ಪಡೆಯುವ ಹಕ್ಕು ಯಾರಿಗೂ ಇಲ್ಲ. ನಿಮ್ಮದು ಯಾವ ಬಗೆ ಎಂದು ತಿಳಿದರೆ ಮುಂದಿನ ದಾರಿಯೂ ತಿಳಿಯುತ್ತದೆ: ಅವರು ಬರೀ ಎದ್ದುಹೋದದ್ದಾದರೆ ದುಃಖಪಟ್ಟು ಹೊರಬರಬೇಕು, ಸುಳ್ಳು ಹೇಳಿ ಪಡೆದದ್ದಾದರೆ ದುಃಖದ ಜೊತೆ ಕೇಳಬೇಕಾದ ಲೆಕ್ಕವೂ ಇದೆ.

ಅದಾದ ಮೇಲೆ ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1980ರ ದಶಕದಿಂದ ಪರೀಕ್ಷಿಸಿಕೊಂಡು ಬಂದ ಕ್ರಮವಿದು. ಬರೆದ ದಿನ ಮನಸ್ಸು ಇನ್ನಷ್ಟು ಭಾರವಾಗಬಹುದು, ಹೆದರಬೇಡಿ. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ, ಕೊನೆಗೆ ಒಲೆಗೆ ಹಾಕಿದರೂ ಸರಿ.

ಕೊಟ್ಟ ಹಣ

'ಪ್ರೀತಿಯಲ್ಲಿ ಕೊಟ್ಟದ್ದನ್ನು ಕೇಳುವುದು ಹೇಗೆ?' ಎಂಬ ಮುಜುಗರವನ್ನು ಬದಿಗಿಡಿ. ಉಡುಗೊರೆ ಕೊಟ್ಟದ್ದು ಹೋಯಿತು. ಸಾಲವೆಂದು ಕೊಟ್ಟದ್ದು, ಅವರಿಗಾಗಿ ಕಟ್ಟಿದ ಫೋನಿನ ಕಂತು, ನಿಮ್ಮ ಹೆಸರಿನಲ್ಲಿ ತೆಗೆದ ಸಾಲ, ಇವು ಲೆಕ್ಕಕ್ಕೆ ಬರುತ್ತವೆ. ಯುಪಿಐ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ದಿನಾಂಕದ ಸಮೇತ ಪಟ್ಟಿ ಮಾಡಿ, ಮೊತ್ತ ಮತ್ತು ಗಡುವು ಹೇಳಿ ಬರಹದಲ್ಲಿ ಕೇಳಿ. 'ಮುಂದಿನ ತಿಂಗಳು ಕೊಡುತ್ತೇನೆ' ಎಂಬ ಉತ್ತರ ಬಂದರೂ ಅದನ್ನು ಜೋಪಾನ ಮಾಡಿ, ಸಾಲ ಒಪ್ಪಿಕೊಂಡದ್ದಕ್ಕೆ ಅದೇ ಆಧಾರವಾಗುತ್ತದೆ. ಕೈಸಾಲದ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ.

ಫೋಟೊ, ಬೆದರಿಕೆ, ಮದುವೆಯ ಮಾತು

ಖಾಸಗಿ ಫೋಟೊ ಅಥವಾ ವಿಡಿಯೊ ಅವರ ಬಳಿ ಇದ್ದು, ಅದನ್ನು ಹಿಡಿದು ಹೆದರಿಸುತ್ತಿದ್ದರೆ ಹಣ ಕೊಡಬೇಡಿ, ಮತ್ತೆ ಭೇಟಿಗೂ ಒಪ್ಪಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಬೆದರಿಕೆಯ ಸ್ಕ್ರೀನ್‌ಶಾಟ್ ತೆಗೆದು, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಕೊಡಿ. ಒಪ್ಪಿಗೆ ಇಲ್ಲದೆ ಒಬ್ಬರ ಗುಪ್ತಾಂಗಗಳ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಫೋಟೊ ಈಗಾಗಲೇ ಹರಡಿದೆ ಅಥವಾ ಹರಡಬಹುದು ಎನಿಸಿದರೆ 'ಸ್ಟಾಪ್ ಎನ್‌ಸಿಐಐ' ಎಂಬ ಉಚಿತ ಸೇವೆ ಇದೆ. 18 ತುಂಬಿದವರು ಬಳಸಬಹುದು. ನಿಮ್ಮ ಫೋಟೊ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಗುರುತಿನ ಸಂಕೇತ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ವೇದಿಕೆಗಳಿಗೆ ಹೋಗಿ, ಅದೇ ಚಿತ್ರ ಅಲ್ಲಿ ಬಂದರೆ ತಡೆಯಲು ನೆರವಾಗುತ್ತದೆ.

ಮದುವೆಯಾಗುತ್ತೇನೆಂದು ನಂಬಿಸಿ ದೈಹಿಕ ಸಂಬಂಧ ಬೆಳೆಸಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿನಲ್ಲಿ ಹೆಣ್ಣುಮಕ್ಕಳಿಗೆ ದೂರು ಕೊಡುವ ಅವಕಾಶವಿದೆ. ಶಿಕ್ಷೆ ಹತ್ತು ವರ್ಷಗಳವರೆಗೆ. ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಆರಂಭದಿಂದಲೇ ಮದುವೆಯಾಗುವ ಉದ್ದೇಶವಿಲ್ಲದೆ ಮಾತು ಕೊಟ್ಟದ್ದು ಬೇರೆ, ಕೊಟ್ಟಾಗ ನಿಜವಾಗಿದ್ದ ಮಾತು ಆಮೇಲೆ ಮುರಿದದ್ದು ಬೇರೆ ಎಂದು ನ್ಯಾಯಾಲಯಗಳು ನೋಡುತ್ತವೆ. ಹಾಗಾಗಿ ಕೋಪದ ಭರದಲ್ಲಿ ಠಾಣೆಗೆ ಓಡುವ ಮೊದಲು ವಕೀಲರೊಬ್ಬರಿಗೆ ಆ ಹಾಳೆ ಮತ್ತು ಚಾಟ್ ತೋರಿಸಿ. ಬಲವಂತ ನಡೆದಿದ್ದರೆ, ಬೆದರಿಕೆ ಇದ್ದರೆ ಮಾತ್ರ ಒಂದು ದಿನವೂ ತಡಮಾಡಬೇಡಿ: ಪೊಲೀಸ್ ತುರ್ತು ಸಂಖ್ಯೆ 112 ಅಥವಾ ಮಹಿಳಾ ಸಹಾಯವಾಣಿ 181. ವಕೀಲರಿಗೆ ಕೊಡಲು ಹಣವಿಲ್ಲ ಎಂಬ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ, ಸಹಾಯವಾಣಿ 15100.

ಊರಿನ ಠಾಣೆಯಲ್ಲಿ ಗುರುತಿನವರಿದ್ದಾರೆ ಎಂದು ಹಿಂಜರಿಯುವವರು ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಅವರು ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಅತ್ಯಾಚಾರದಂಥ ಲೈಂಗಿಕ ಅಪರಾಧಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದೇ ಅಪರಾಧ.

ಬಿಟ್ಟುಹೋದವರು ನಿಮ್ಮ ಮೇಲಧಿಕಾರಿಯೋ, ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರೋ, ಹೋಂಸ್ಟೇ ಮಾಲೀಕರೋ ಆಗಿದ್ದರೆ ಅದನ್ನು ಬರೀ ಪ್ರೀತಿಯ ಕಥೆ ಎಂದು ನೋಡಬೇಡಿ. ಕೆಲಸ ಹೋಗುತ್ತದೆಂಬ ಭಯದಲ್ಲಿ ಒಪ್ಪಿದ್ದೀರಾ, ಸಂಬಂಧ ಮುಗಿದ ಮೇಲೆ ಕೆಲಸದಿಂದ ತೆಗೆದಿದ್ದಾರಾ ಎಂದು ಯೋಚಿಸಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ, ಅಂದರೆ ನಮ್ಮ ಹೆಚ್ಚಿನ ಹೋಂಸ್ಟೇಗಳಲ್ಲಿ, ದೂರನ್ನು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬೇಕು. ಘಟನೆ ನಡೆದು ಮೂರು ತಿಂಗಳೊಳಗೆ ಕೊಡಬೇಕೆಂಬುದು ನೆನಪಿರಲಿ. ತೋಟದ ಕೂಲಿಕಾರರ ಲೈನ್ ಮನೆಯಲ್ಲಿರುವ ಹೆಣ್ಣುಮಕ್ಕಳಿಗೂ ಈ ಕಾಯ್ದೆ ಅನ್ವಯಿಸುತ್ತದೆ. ಇದನ್ನು ಓದಲಾಗದವರಿಗೆ ದಯವಿಟ್ಟು ಓದಿ ಹೇಳಿ.

ಊರಿನ ಎದುರು

ಕೊಡಗಿನಲ್ಲಿ ಹೊಸ ಮುಖ ಕಂಡರೆ ಮೊದಲ ಪ್ರಶ್ನೆ 'ಯಾವ ಮನೆ?' ಎಂಬುದು. ಮನೆ ಗೊತ್ತಾದರೆ ಸಾಕು, ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಮೈಸೂರು, ಬೆಂಗಳೂರಿನಲ್ಲಿ ಜನಜಂಗುಳಿಯಲ್ಲಿ ಮರೆಯಾಗಬಹುದು. ಇಲ್ಲಿ ಕೊಡವ ಸಮಾಜದ ಮದುವೆ, ಸುಗ್ಗಿಯ ಹಬ್ಬ ಪುತ್ತರಿ, ಏಪ್ರಿಲ್‌ನ ಹಾಕಿ ಪಂದ್ಯಾವಳಿ, ಮಡಿಕೇರಿ ದಸರಾದ ರಾತ್ರಿ, ಎಲ್ಲೆಲ್ಲೂ ಅವರೇ ಜನ. ಅದಕ್ಕೆ ಮೊದಲೇ ಒಂದು ಉತ್ತರ ಸಿದ್ಧವಿರಲಿ.

ಮದುವೆ ಊಟದ ಸಾಲಿನಲ್ಲಿ ಅತ್ತೆಯೊಬ್ಬರು ಬಗ್ಗಿ ಕೇಳುತ್ತಾರೆ: 'ಏನಮ್ಮಾ, ಆ ಬೆಂಗಳೂರಿನ ಹುಡುಗ ಎಲ್ಲಿ?'

'ಪರಿಚಯ ಇತ್ತು ಅತ್ತೆ, ಈಗ ಇಲ್ಲ. ನಿಮ್ಮ ಮೊಣಕಾಲು ನೋವು ಹೇಗಿದೆ?'

ಇಷ್ಟೇ. ವಿವರಣೆ ಕೊಟ್ಟರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಅಳು ಬಂದರೆ ಕೈ ತೊಳೆಯುವ ನೆಪದಲ್ಲಿ ಎದ್ದುಹೋಗಿ. ಮೊದಲ ಒಂದೆರಡು ಸಮಾರಂಭಗಳಿಗೆ ಆ ನಂಬಿಕಸ್ಥ ಗೆಳತಿಯನ್ನು ಕರೆದುಕೊಂಡು ಹೋಗಿ, ಬೇಗ ಹೊರಡಿ, ಆದರೆ ಹೋಗುವುದನ್ನು ಬಿಡಬೇಡಿ. ಮನೆಯೊಳಗೆ ಅಡಗಿದಷ್ಟು ದಿನ ಊರಿನ ಊಹೆ ಬೆಳೆಯುತ್ತದೆ.

ಹಿರಿಯರಿಗೂ ಒಂದು ಮಾತು ಹೇಳಲೇಬೇಕು. ಮಗಳು ಮನೆಗೆ ಬಂದು ಅತ್ತಾಗ 'ಮನೆತನದ ಮಾನ ಕಳೆದೆ' ಎನ್ನಬೇಡಿ. ಮೋಸ ಮಾಡಿದವರು ಮಾನ ಕಳೆದುಕೊಂಡವರು. ಆತುರದಲ್ಲಿ ಬೇರೊಂದು ಸಂಬಂಧ ಗೊತ್ತು ಮಾಡಿ ಮದುವೆ ಮುಗಿಸುವುದೂ ಪರಿಹಾರವಾಗದು. ಗಂಡುಮಗ ಊಟ ಬಿಟ್ಟು ಸಂಜೆಯಾದೊಡನೆ ಕುಡಿಯಲು ಕೂರುತ್ತಿದ್ದರೆ 'ಗಂಡಸಾಗಿ ಅಳುತ್ತೀಯಾ' ಎಂದು ಹಂಗಿಸಬೇಡಿ. ಹುಡುಗರು ಈ ನೋವನ್ನು ಇನ್ನೂ ಆಳಕ್ಕೆ ಹೂಳುತ್ತಾರೆ.

ದಿನಚರಿ

ಊಟ, ನಿದ್ದೆ, ನಡಿಗೆ. ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಗಂಜಿಯನ್ನಾದರೂ ಕುಡಿಯಿರಿ. ಅವರ ಜೊತೆ ಹೋಗುತ್ತಿದ್ದ ರಾಜಾಸೀಟಿಗೋ ಇರ್ಪು ಜಲಪಾತಕ್ಕೋ ಗೆಳೆಯರ ಜೊತೆ, ಹಗಲಿನಲ್ಲಿ ಒಮ್ಮೆ ಹೋಗಿಬನ್ನಿ. ನಿಮ್ಮ ಊರಿನ ಜಾಗಗಳನ್ನು ಎರಡು ತಿಂಗಳು ಇದ್ದು ಹೋದವರಿಗೆ ಬಿಟ್ಟುಕೊಡಬೇಕಿಲ್ಲ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಕೆಲಸ ಮಾಡಲಾಗದಿದ್ದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿನಲ್ಲಿ ವಿಚಾರಿಸಿ.

ಅವರು ಮತ್ತೆ ಬಂದರೆ

ಬರುತ್ತಾರೆ. ಮಳೆ ನಿಂತು ಪ್ರವಾಸಿಗರ ಕಾಲ ಆರಂಭವಾದಾಗ, ಅಥವಾ ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾದ ಫೋಟೊ ಎಲ್ಲೋ ಕಂಡಾಗ, 'ಹೇಗಿದ್ದೀಯ? ಮುಂದಿನ ವಾರ ಕೂರ್ಗಿಗೆ ಬರುತ್ತಿದ್ದೇನೆ' ಎಂಬ ಸಂದೇಶ ಹೊಸ ನಂಬರಿನಿಂದ ಬರಬಹುದು. ಅದರಲ್ಲಿ ಏನಿಲ್ಲ ಎಂಬುದನ್ನು ನೋಡಿ. ಹೇಳದೆ ಹೋದದ್ದಕ್ಕೆ ಕ್ಷಮೆ ಇದೆಯೇ? ಕೊಡಬೇಕಾದ ಹಣದ ಮಾತಿದೆಯೇ? ನಿಮ್ಮನ್ನು ಮನೆಯವರ ಎದುರು ಭೇಟಿಯಾಗುವ ಮಾತಿದೆಯೇ? ಇಲ್ಲದಿದ್ದರೆ ಅವರಿಗೆ ಬೇಕಿರುವುದು ಒಂದು ವಾರದ ಜೊತೆ.

ಉತ್ತರ ಕೊಡದಿದ್ದರೂ ಆಗುತ್ತದೆ. ಕೊಡಲೇಬೇಕೆನಿಸಿದರೆ ಸಂದೇಶವನ್ನು ಬರೆದು ಒಂದು ರಾತ್ರಿ ಹಾಗೇ ಇಡಿ, ಬೆಳಿಗ್ಗೆ ನಿಮ್ಮ ಆ ಹಾಳೆಯ ಎರಡನೆಯ ಸಾಲನ್ನು ಓದಿ, ಆಮೇಲೆ ಕಳಿಸಿ: 'ನಾವು ಮತ್ತೆ ಭೇಟಿಯಾಗುವುದು ಬೇಡ. ದಯವಿಟ್ಟು ಈ ನಂಬರಿಗೆ ಸಂದೇಶ ಕಳಿಸಬೇಡಿ.' ಅದಾದ ಮೇಲೂ ಕಳಿಸುತ್ತಿದ್ದರೆ, ಮನೆಯ ಗೇಟಿನ ಬಳಿ ಬಂದು ನಿಂತರೆ, ಬೇಡವೆಂದು ಹೇಳಿದ ಈ ಸಂದೇಶವೇ ಹಿಂಬಾಲಿಸುವಿಕೆಯ ದೂರಿಗೆ ನಿಮ್ಮ ಮೊದಲ ಸಾಕ್ಷಿ.